ಜೇಬು ಪಿಸ್ತೂಲಿನ ಜನಕ ಜಾನ್ ಬ್ರೌನಿಂಗ್

ಫ್ರೆಂಚ್ ನಿಘಂಟನ್ನು ತೆರೆದು ಬ್ರೌನಿಂಗ್ ಎಂಬ ಪದವನ್ನು ಹುಡುಕಿದರೆ ಸ್ವಯಂಚಾಲಿತ ಪಿಸ್ತೂಲು ಎಂಬ ಅರ್ಥ ಸಿಗುತ್ತದೆ. ನಮ್ಮಲ್ಲಿ ವನಸ್ಪತಿಗೆ ಡಾಲ್ಡಾ ಎಂದೂ ನಕಲು ಪ್ರತಿಗೆ ಜೆರಾಕ್ಸ್ ಎಂದೂ ಹೆಸರು ನಿಂತಂತೆ, ಕಳೆದ ಶತಮಾನದ ಆರಂಭದಲ್ಲಿ ಯುರೋಪಿನ ಜನ ಜೇಬಿನಲ್ಲಿ ಅಡಗುವ ಪಿಸ್ತೂಲಿಗೆ ಅದನ್ನು ರೂಪಿಸಿದವನ ಹೆಸರನ್ನೇ ಇಟ್ಟುಬಿಟ್ಟರು. ಆತ ಜಾನ್ ಮೋಸೆಸ್ ಬ್ರೌನಿಂಗ್, ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡೆನ್ ಪಟ್ಟಣದ ಕೋವಿ ಕಮ್ಮಾರನ ಮಗ.

ಕೋವಿಗಳ ಚರಿತ್ರೆಯಲ್ಲಿ ಬ್ರೌನಿಂಗ್‌ನಷ್ಟು ವಿಧದ ಆಯುಧಗಳನ್ನು ರೂಪಿಸಿದವರು ವಿರಳ. ಬೇಟೆಯ ಬಂದೂಕಿನಿಂದ ಮಷೀನ್‌ಗನ್ನಿನವರೆಗೆ ಆತ ಕೈಯಾಡಿಸದ ಬಗೆಯಿಲ್ಲ. ಆದರೆ ಸಾಮಾನ್ಯ ನಾಗರಿಕನ ಬದುಕಿಗೆ ಅತಿ ಹತ್ತಿರ ಬಂದದ್ದು ಕೋಟಿನ ಜೇಬಿನಲ್ಲಿ ಹಿಡಿಸುವ ಆತನ ಕಿರುಪಿಸ್ತೂಲುಗಳು. ಅಂತಹ ಪಿಸ್ತೂಲನ್ನು ಹೊತ್ತು ತಿರುಗುವವನಿಗೆ ಅದರಿಂದ ಅಪಾಯವಾಗಬಾರದು ಎಂಬ ಸಮಸ್ಯೆಯನ್ನು ಬ್ರೌನಿಂಗ್ ವರ್ಷಗಟ್ಟಲೆ ಶ್ರಮಿಸಿ ಬಹುಮಟ್ಟಿಗೆ ಬಗೆಹರಿಸಿದ. ಎದುರಿಗೆ ನಿಂತವನ ಪಾಡೇನು ಎಂಬ ಪ್ರಶ್ನೆಗೆ ಮಾತ್ರ ಯಂತ್ರಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಹೆಲ್ಸಿಂಕಿ, ನಾಸಿಕ್, ಸರಾಯೆವೊ ನಗರಗಳಲ್ಲಿ ರಕ್ತದ ರೂಪದಲ್ಲಿ ಎದ್ದು ಬಂತು.

ಕಮ್ಮಾರಸಾಲೆಯ ಬಾಲ್ಯ

ಜಾನ್ ಬ್ರೌನಿಂಗ್ ಜನಿಸಿದ್ದು 1855ರ ಜನವರಿ 23ರಂದು. ತಂದೆ ಜೊನಾಥನ್ ಬ್ರೌನಿಂಗ್ ಟೆನೆಸಿಯಲ್ಲಿ ಹುಟ್ಟಿ, ಇಲಿನಾಯ್ ಪ್ರಾಂತ್ಯದಲ್ಲಿ ಮಾರ್ಮನ್ ಪಂಥವನ್ನು ಸ್ವೀಕರಿಸಿ, ಆ ಪಂಥದವರ ಮಹಾವಲಸೆಯಲ್ಲಿ ಪಶ್ಚಿಮಕ್ಕೆ ಸಾಗಿ 1852ರಲ್ಲಿ ಯೂಟಾ ತಲುಪಿದವನು. ದಾರಿಯುದ್ದಕ್ಕೂ ವಲಸಿಗರ ಬಂದೂಕುಗಳನ್ನು ದುರಸ್ತಿ ಮಾಡಿಕೊಡುವುದೇ ಆತನ ಕಸುಬಾಗಿತ್ತು. ಆಗಿನ ಪಂಥದ ಪದ್ಧತಿಯಂತೆ ಅವನಿಗೆ ಮೂವರು ಪತ್ನಿಯರು, 22 ಮಕ್ಕಳು. ಎರಡನೆಯ ಪತ್ನಿ ಎಲಿಜಬೆತ್ ಕ್ಲಾರ್ಕ್‌ಳ ಮಗನೇ ಜಾನ್.

ಬಾಲಕನಿಗೆ ಅಪ್ಪನ ಕಮ್ಮಾರಸಾಲೆಯೇ ಆಟದ ಬಯಲು. ಅಕ್ಷರಗಳಿಗಿಂತ ಮೊದಲು ಕೋವಿಯ ಬಿಡಿಭಾಗಗಳ ಹೆಸರನ್ನು ಕಲಿತನೆಂದು ಮನೆತನದವರು ನೆನೆಯುತ್ತಿದ್ದರು. ಹತ್ತನೆಯ ವಯಸ್ಸಿನಲ್ಲಿ ಗುಜರಿಗೆ ಸೇರಿದ್ದ ಹಳೆಯ ನಳಿಗೆಯೊಂದಕ್ಕೆ ಮರದ ತುಂಡನ್ನು ಬಿಗಿದು ಒರಟು ಬಂದೂಕನ್ನು ತಯಾರಿಸಿದ. ಅದಕ್ಕೆ ಕುದುರೆಯೇ ಇರಲಿಲ್ಲ. ಅಣ್ಣ ಗುರಿಯಿಟ್ಟು ನಿಂತಾಗ ತಮ್ಮ ಮ್ಯಾಥ್ಯೂ ಕೆಂಡ ತಾಗಿಸಿದ ಕಡ್ಡಿಯಿಂದ ಮದ್ದಿಗೆ ಬೆಂಕಿ ಹಚ್ಚಬೇಕಿತ್ತು. ಅಂದು ಅವರಿಗೆ ಹಕ್ಕಿಗಳ ಬೇಟೆಯೂ ಆಯಿತಂತೆ. ಅಣ್ಣ ಕೋವಿ ಮಾಡುವುದು, ತಮ್ಮ ಅದನ್ನು ನಡೆಸಿಕೊಡುವುದು ಎಂಬ ಈ ಜೋಡಿ ಮುಂದೆ ಅರ್ಧ ಶತಮಾನ ಕಾಲ ಮುರಿಯಲಿಲ್ಲ.

ಹದಿನೈದರ ಸುಮಾರಿಗೆ ಶಾಲೆ ಮುಗಿಯಿತು. ಯಾವ ತಾಂತ್ರಿಕ ವಿದ್ಯಾಲಯದ ಮೆಟ್ಟಿಲನ್ನೂ ಬ್ರೌನಿಂಗ್ ಹತ್ತಲಿಲ್ಲ. ನಕ್ಷೆ ಬಿಡಿಸಿ ಲೆಕ್ಕ ಹಾಕಿ ಕೆಲಸಕ್ಕೆ ಇಳಿಯುವ ಅಭ್ಯಾಸವೂ ಆತನದಲ್ಲ. ಇಡೀ ಯಂತ್ರವನ್ನು ಮನಸ್ಸಿನಲ್ಲೇ ಓಡಿಸಿ ನೋಡಿ, ನೇರವಾಗಿ ಉಕ್ಕಿನಲ್ಲಿ ಕಡೆಯುವುದು ಆತನ ಕ್ರಮ. 1879ರಲ್ಲಿ ಮೂರು ಮಹತ್ವದ ಘಟನೆಗಳು ನಡೆದವು. ಏಪ್ರಿಲ್‌ನಲ್ಲಿ ರೇಚಲ್ ಚೈಲ್ಡ್ ಎಂಬಾಕೆಯೊಡನೆ ವಿವಾಹವಾಯಿತು. ಅದೇ ವರ್ಷ ತಂದೆ ತೀರಿಕೊಂಡ. ಅಕ್ಟೋಬರ್‌ನಲ್ಲಿ, ಒಮ್ಮೆಗೆ ಒಂದೇ ಗುಂಡು ಹಾರಿಸುವ ಬಲಿಷ್ಠ ರೈಫಲ್ಲಿಗೆ ಮೊದಲ ಪೇಟೆಂಟ್ ದೊರೆಯಿತು. ಇಂತಹ 128 ಪೇಟೆಂಟ್‌ಗಳು ಆತನ ಹೆಸರಿಗೆ ಸೇರಲಿದ್ದವು.

ಸೋದರರು ಕೂಡಿ ಆಗ್ಡೆನ್‌ನಲ್ಲಿ ಸಣ್ಣ ಕಾರ್ಖಾನೆಯನ್ನೂ ಅಂಗಡಿಯನ್ನೂ ತೆರೆದರು. ಆ ರೈಫಲ್ಲಿನ ಕೀರ್ತಿ ಪೂರ್ವ ಕರಾವಳಿಯ ಹೆಸರಾಂತ ವಿಂಚೆಸ್ಟರ್ ಕಂಪನಿಯನ್ನು ಮುಟ್ಟಿತು. 1883ರಲ್ಲಿ ಕಂಪನಿಯ ಅಧಿಕಾರಿ ಥಾಮಸ್ ಬೆನೆಟ್ ರೈಲಿನಲ್ಲಿ ಆಗ್ಡೆನ್‌ಗೆ ಬಂದಿಳಿದು, 8,000 ಡಾಲರ್ ಕೊಟ್ಟು ಅದರ ಹಕ್ಕನ್ನು ಕೊಂಡುಹೋದ. ಅಲ್ಲಿಂದ ಸುಮಾರು ಎರಡು ದಶಕಗಳ ಕಾಲ ಬ್ರೌನಿಂಗ್ ರೂಪಿಸಿದ ಉದ್ದ ಕೋವಿಗಳೆಲ್ಲ ಬಹುತೇಕ ವಿಂಚೆಸ್ಟರ್ ಪಾಲಾದವು. ತಯಾರಿಸಲು ಉದ್ದೇಶವಿಲ್ಲದ ಮಾದರಿಗಳನ್ನೂ ಎದುರಾಳಿಗಳ ಕೈಸೇರದಿರಲೆಂದು ಕಂಪನಿ ಕೊಂಡು ಕಪಾಟಿನಲ್ಲಿಡುತ್ತಿತ್ತು. ಈ ನಡುವೆ 1887ರಿಂದ ಎರಡು ವರ್ಷ ಬ್ರೌನಿಂಗ್ ಎಲ್ಲ ಕೆಲಸವನ್ನೂ ಬದಿಗಿಟ್ಟು ಜಾರ್ಜಿಯಾ ಪ್ರಾಂತ್ಯದಲ್ಲಿ ತನ್ನ ಪಂಥದ ಧರ್ಮಪ್ರಚಾರಕನಾಗಿ ದುಡಿದ.

ವ್ಯರ್ಥವಾಗುತ್ತಿದ್ದ ಶಕ್ತಿ

ಧರ್ಮಪ್ರಚಾರದಿಂದ ಮರಳಿದ 1889ರಲ್ಲೇ ಗೆಳೆಯರ ಗುರಿಯಭ್ಯಾಸದ ವೇಳೆ ಬ್ರೌನಿಂಗ್ ಒಂದು ಸಂಗತಿಯನ್ನು ಗಮನಿಸಿದ. ಗುಂಡು ಹಾರಿದಾಗಲೆಲ್ಲ ನಳಿಗೆಯ ಬಾಯಿಂದ ನುಗ್ಗಿದ ಅನಿಲ ಮುಂದಿನ ಗಿಡಗಂಟಿಗಳನ್ನು ಬಾಗಿಸುತ್ತಿತ್ತು. ಗುಂಡು ಹೊರಬಿದ್ದ ಮೇಲೂ ಇಷ್ಟು ಶಕ್ತಿ ಗಾಳಿಗೆ ಹೋಗುತ್ತಿದೆಯೆಂದರೆ, ಅದೇ ಶಕ್ತಿಯಿಂದ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ತುಂಬುವಂತೆ ಏಕೆ ಮಾಡಬಾರದು ಎಂಬ ಯೋಚನೆ ಹೊಳೆಯಿತು. ಹೈರಂ ಮ್ಯಾಕ್ಸಿಂ ಎಂಬಾತ ಕೋವಿಯ ಒದೆತವನ್ನೇ ಬಳಸಿ ಮಷೀನ್‌ಗನ್ ನಿರ್ಮಿಸಿ ಆಗಲೇ ಕೆಲವು ವರ್ಷಗಳಾಗಿದ್ದವು. ಬ್ರೌನಿಂಗ್ ಅನಿಲದ ದಾರಿಯನ್ನು ಹಿಡಿದ. ಅದರ ಫಲವಾದ ಮಷೀನ್‌ಗನ್ನನ್ನು ಕೋಲ್ಟ್ ಕಂಪನಿ 1895ರಲ್ಲಿ ಹೊರತಂದಿತು.

ದೊಡ್ಡ ಯಂತ್ರದಲ್ಲಿ ಫಲಿಸಿದ ವಿಚಾರ ಅಂಗೈಯಗಲದ ಯಂತ್ರಕ್ಕೂ ಒದಗೀತೇ ಎಂಬುದು ಮುಂದಿನ ಪ್ರಶ್ನೆಯಾಯಿತು. ಆ ಕಾಲದ ಕೈಗೋವಿಯೆಂದರೆ ರಿವಾಲ್ವರ್. ಐದಾರು ಗುಂಡುಗಳ ತಿರುಗಣೆ ಅದರ ಹೊಟ್ಟೆಯನ್ನು ಉಬ್ಬಿಸುತ್ತದೆ. ಸೊಂಟದ ಪಟ್ಟಿಯಲ್ಲಿ ತೂಗುಹಾಕಲು ಅಡ್ಡಿಯಿಲ್ಲ, ಜೇಬಿನೊಳಗೆ ಇಟ್ಟರೆ ಮಾತ್ರ ಉಬ್ಬು ಎದ್ದು ಕಾಣುತ್ತದೆ. ಹೊರಗೆ ಚಾಚಿದ ಕುದುರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇನ್ನೂ ಚಿಕ್ಕದು ಬೇಕೆಂದರೆ ಒಂದೆರಡು ಗುಂಡಿನ ಡೆರಿಂಜರ್ ಪಿಸ್ತೂಲುಗಳಿದ್ದವು. 1865ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್‌ರನ್ನು ನಾಟಕಶಾಲೆಯಲ್ಲಿ ಕೊಂದದ್ದು ಅಂತಹುದೇ ಒಂದು ಗುಂಡಿನ ಪಿಸ್ತೂಲು. ಅದರಲ್ಲಿ ಮೊದಲ ಗುಂಡು ತಪ್ಪಿದರೆ ಎರಡನೆಯ ಅವಕಾಶವಿಲ್ಲ.

ಬ್ರೌನಿಂಗ್ 1895ರಲ್ಲಿ ತನ್ನ ಮೊದಲ ಸ್ವಯಂಚಾಲಿತ ಪಿಸ್ತೂಲನ್ನು ಕೋಲ್ಟ್ ಕಂಪನಿಗೆ ತೋರಿಸಿದ. ಮರುವರ್ಷ ಒಪ್ಪಂದವಾಯಿತು. 1897ರ ಏಪ್ರಿಲ್‌ನಲ್ಲಿ ಪಿಸ್ತೂಲಿಗೆ ಸಂಬಂಧಿಸಿದ ಹಲವು ಪೇಟೆಂಟ್‌ಗಳು ಒಂದೇ ದಿನ ಮಂಜೂರಾದವು. ಅವುಗಳಲ್ಲಿದ್ದ ಮುಖ್ಯ ವಿಚಾರ ಇಂದಿನ ಬಹುಪಾಲು ಪಿಸ್ತೂಲುಗಳ ನೆತ್ತಿಯ ಮೇಲೆ ಕಾಣುವ ಸ್ಲೈಡ್, ಅಂದರೆ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಕವಚ.

ಚಿಕ್ಕ ಪಿಸ್ತೂಲಿನಲ್ಲಿ ಅದರ ಕಾರ್ಯವಿಧಾನ ಸರಳ. ಮದ್ದು ಸಿಡಿದಾಗ ಗುಂಡು ಮುಂದಕ್ಕೆ ಹೋದರೆ, ಖಾಲಿ ತೋಟಾ ಹಿಂದಕ್ಕೆ ಒದೆಯುತ್ತದೆ. ಹಿಂದಿರುವ ಸ್ಲೈಡ್ ಗುಂಡಿಗಿಂತ ಬಹಳ ಭಾರವಾದ್ದರಿಂದ ನಿಧಾನವಾಗಿ ಕದಲುತ್ತದೆ. ಅಷ್ಟರಲ್ಲಿ ಗುಂಡು ನಳಿಗೆಯನ್ನು ದಾಟಿ ಒತ್ತಡ ಇಳಿದಿರುತ್ತದೆ. ಸ್ಲೈಡ್ ಹಿಂದೆ ಸರಿಯುವಾಗ ಖಾಲಿ ತೋಟಾವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮರಳುವಾಗ ಹಿಡಿಯೊಳಗಿನ ಮ್ಯಾಗಜೀನ್‌ನಿಂದ ಹೊಸದನ್ನು ಮೇಲೆತ್ತಿ ನಳಿಗೆಗೆ ನೂಕುತ್ತದೆ. ಬೀಗವಿಲ್ಲ, ಕೊಂಡಿಗಳಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಇವೆರಡೇ ಕಾವಲು. ಈ ಸರಳತೆಗೊಂದು ಮಿತಿಯೂ ಇದೆ. ತೋಟಾ ಬಲವಾದಷ್ಟೂ ಸ್ಲೈಡ್ ಭಾರವಾಗಬೇಕು, ಪಿಸ್ತೂಲು ಭಾರವಾದರೆ ಜೇಬಿಗೆ ಒಗ್ಗದು. ಹೀಗಾಗಿ ಬ್ರೌನಿಂಗ್ ಪಿಸ್ತೂಲನ್ನೂ ಅದಕ್ಕೆ ತಕ್ಕ ತೋಟಾವನ್ನೂ ಜೊತೆಜೊತೆಗೆ ರೂಪಿಸಬೇಕಾಯಿತು. ನಮ್ಮಲ್ಲಿ ಪಾಯಿಂಟ್ 32 ಎಂದು ಕರೆಯುವ 7.65 ಮಿಲಿಮೀಟರ್ ತೋಟಾ ಹುಟ್ಟಿದ್ದು ಹೀಗೆ.

ಬೆಲ್ಜಿಯಂನ ನಂಟು

ಬೆಲ್ಜಿಯಂನ ಲಿಯೇಜ್ ನಗರದ ಪಕ್ಕದ ಹರ್ಸ್ಟಾಲ್‌ನಲ್ಲಿ ಎಫ್‌ಎನ್ ಎಂದೇ ಪ್ರಸಿದ್ಧವಾದ ಕೋವಿ ಕಾರ್ಖಾನೆ 1889ರಲ್ಲಿ ಸ್ಥಾಪನೆಗೊಂಡಿತ್ತು. ಸೈನ್ಯದ ಬೇಡಿಕೆ ಇಳಿದಾಗ ಕಾರ್ಖಾನೆ ಸೈಕಲ್ ತಯಾರಿಕೆಗೂ ಕೈಹಾಕಿತ್ತು. ಕಂಪನಿಯ ಪ್ರತಿನಿಧಿ ಹಾರ್ಟ್ ಬರ್ಗ್ 1897ರಲ್ಲಿ ಅಮೆರಿಕಕ್ಕೆ ಬಂದದ್ದೂ ಸೈಕಲ್ ಉದ್ಯಮವನ್ನು ನೋಡಿಕೊಂಡು ಹೋಗಲು. ಆತನಿಗೆ ಸಿಕ್ಕಿದ್ದು ಬ್ರೌನಿಂಗ್‌ನ ಪಿಸ್ತೂಲು. ಅದೇ ವರ್ಷದ ಜುಲೈನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸ್ಥೂಲವಾಗಿ ಹೇಳುವುದಾದರೆ ಅಮೆರಿಕದ ಮಾರುಕಟ್ಟೆ ಕೋಲ್ಟ್‌ಗೆ, ಯುರೋಪಿನದು ಎಫ್‌ಎನ್‌ಗೆ ಎಂದಾಯಿತು.

ಎಫ್‌ಎನ್ ಹೊರತಂದ 1900ರ ಮಾದರಿ ಏಳು ಗುಂಡುಗಳ, ಚಪ್ಪಟೆ ಮೈಯ ಪಿಸ್ತೂಲು. ಬೆಲ್ಜಿಯಂ ಸೈನ್ಯ ಅದನ್ನು ಕೂಡಲೇ ಸ್ವೀಕರಿಸಿತು. ಸುಮಾರು ಏಳು ಲಕ್ಷ ಪಿಸ್ತೂಲುಗಳು ಮಾರಾಟವಾದವು. ಕೊಂಡವರಲ್ಲಿ ಸೈನಿಕರಿಗಿಂತ ನಾಗರಿಕರೇ ಹೆಚ್ಚು.

1902ರಲ್ಲಿ ಬ್ರೌನಿಂಗ್‌ನ ಬದುಕು ಹೊಸ ತಿರುವನ್ನು ಪಡೆಯಿತು. ತಾನು ರೂಪಿಸಿದ ಸ್ವಯಂಚಾಲಿತ ಷಾಟ್‌ಗನ್ನಿಗೆ ಒಮ್ಮೆಗೇ ಹಣ ಪಡೆಯುವ ಬದಲು ಮಾರಾಟದ ಮೇಲೆ ರಾಯಧನ ಬೇಕೆಂದು ಆತ ಕೇಳಿದ. ವಿಂಚೆಸ್ಟರ್ ಒಪ್ಪಲಿಲ್ಲ. ಎರಡು ದಶಕಗಳ ಸಂಬಂಧ ಅಲ್ಲಿಗೆ ಮುರಿಯಿತು. ರೆಮಿಂಗ್ಟನ್ ಕಂಪನಿಯ ಬಾಗಿಲು ತಟ್ಟಿದರೆ, ಭೇಟಿಗೆಂದು ಕಾದು ಕುಳಿತಿದ್ದ ದಿನವೇ ಅದರ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ನಿಧನನಾದ ಸುದ್ದಿ ಬಂತು. ಷಾಟ್‌ಗನ್ನನ್ನು ಹೊತ್ತು ಬ್ರೌನಿಂಗ್ ಹಡಗೇರಿ ಬೆಲ್ಜಿಯಂಗೆ ಹೋದ. ಎಫ್‌ಎನ್ ಕಾರ್ಖಾನೆ ಆತನ ಎರಡನೆಯ ಮನೆಯಾಯಿತು. ಮುಂದಿನ ಕಾಲು ಶತಮಾನದಲ್ಲಿ ಎಷ್ಟೋ ಬಾರಿ ಅಟ್ಲಾಂಟಿಕ್ ಸಾಗರವನ್ನು ದಾಟಿದ.

ಹೊತ್ತವನ ಸುರಕ್ಷೆ

ಜೇಬು ಪಿಸ್ತೂಲನ್ನು ಬಲ್ಲವರು ಅದನ್ನು ಆರಿಸುವಾಗ ಕೇಳುವ ಪ್ರಶ್ನೆಗಳು ಅಂದಿಗೂ ಇಂದಿಗೂ ಅವೇ. ಬಟ್ಟೆಯೊಳಗೆ ಮರೆಯಾಗುವುದೇ, ತೆಗೆಯುವಾಗ ಸಿಕ್ಕಿಕೊಳ್ಳದೇ, ತಾನಾಗಿ ಸಿಡಿಯದೇ, ಬೇಕಾದಾಗ ಕೈಕೊಡದೇ, ಗುರಿ ತಾಗುವುದೇ. ಇವುಗಳಲ್ಲಿ ಒಂದನ್ನು ಸರಿಪಡಿಸಹೊರಟರೆ ಇನ್ನೊಂದು ಕೆಡುತ್ತದೆ. 1903ರಿಂದ 1910ರವರೆಗಿನ ಬ್ರೌನಿಂಗ್‌ನ ಮಾದರಿಗಳನ್ನು ಸಾಲಾಗಿಟ್ಟು ನೋಡಿದರೆ, ಈ ಒಂದೊಂದು ಪ್ರಶ್ನೆಗೂ ಆತ ಹೇಗೆ ಉತ್ತರ ಹುಡುಕುತ್ತ ಹೋದನೆಂಬುದು ತಿಳಿಯುತ್ತದೆ.

ಕೋಲ್ಟ್ ಕಂಪನಿ ತಯಾರಿಸಿದ 1903ರ ಜೇಬು ಪಿಸ್ತೂಲಿಗೆ ಕುದುರೆಯೇ ಇಲ್ಲವೆಂದು ಜಾಹೀರಾತು. ವಾಸ್ತವವಾಗಿ ಕುದುರೆ ಇತ್ತು. ಬ್ರೌನಿಂಗ್ ಅದನ್ನು ಸ್ಲೈಡಿನೊಳಗೆ ಅಡಗಿಸಿದ್ದ. ಬಟ್ಟೆಗೆ ತೊಡರುವ ಚೂಪು ಯಾವುದೂ ಹೊರಗೆ ಉಳಿಯಲಿಲ್ಲ. ಹಿಡಿಯ ಹಿಂಬದಿಗೆ ಒಂದು ಒತ್ತುಪಟ್ಟಿಯನ್ನು ಕೂರಿಸಿದ. ಅಂಗೈಯಿಂದ ಹಿಡಿಯನ್ನು ಬಿಗಿಯಾಗಿ ಅಮುಕಿದಾಗ ಮಾತ್ರ ಆ ಪಟ್ಟಿ ಒಳಸರಿದು ಪಿಸ್ತೂಲು ಸಿಡಿಯಲು ಅನುವು ಮಾಡಿಕೊಡುತ್ತದೆ. ಜೇಬಿನಲ್ಲಿರುವಾಗ ಅಕಸ್ಮಾತ್ ಏನಾದರೂ ಟ್ರಿಗರ್‌ಗೆ ತಗುಲಿದರೂ ಹಿಡಿಯನ್ನು ಅಮುಕುವ ಕೈ ಇಲ್ಲದ್ದರಿಂದ ಗುಂಡು ಹಾರದು. ಇದಲ್ಲದೆ ಹೆಬ್ಬೆರಳಿನಿಂದ ತಿರುಗಿಸುವ ಸುರಕ್ಷಾ ಕೀಲಿ ಬೇರೆ. ಎಂಟು ಗುಂಡುಗಳ ಈ ಪಿಸ್ತೂಲು 1945ರವರೆಗೆ ತಯಾರಾಯಿತು. ಅದೂ ಅದರ ಪಾಯಿಂಟ್ 380 ರೂಪವೂ ಸೇರಿ ಐದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾಪತಿಗಳಿಗೆ ಇದನ್ನೇ ಕೊಡಲಾಗುತ್ತಿತ್ತು.

ಇನ್ನೂ ಚಿಕ್ಕದನ್ನು ಬಯಸಿದವರಿಗಾಗಿ ವಾಸ್ಕಟ್ಟಿನ ಜೇಬಿಗೆ ಸರಿಹೋಗುವ ಮಾದರಿ ಬಂತು. ಬೆಲ್ಜಿಯಂನಲ್ಲಿ ಮೊದಲಿಗೆ, 1908ರಲ್ಲಿ ಕೋಲ್ಟ್ ಹೆಸರಿನಲ್ಲಿ ಅಮೆರಿಕದಲ್ಲೂ ಅದು ಹೊರಬಿತ್ತು. ಉದ್ದ ಹನ್ನೊಂದೂವರೆ ಸೆಂಟಿಮೀಟರಿಗೂ ಕಡಿಮೆ, ತೂಕ ಸುಮಾರು 370 ಗ್ರಾಂ, ಆರು ಗುಂಡು. ಅದರ 6.35 ಮಿಲಿಮೀಟರ್ ತೋಟಾ ತೀರಾ ದುರ್ಬಲವಾದರೂ ತಪ್ಪದೆ ಸಿಡಿಯುತ್ತಿತ್ತು. ಅಷ್ಟು ಪುಟ್ಟ ಯಂತ್ರದಲ್ಲಿ ಬಲಕ್ಕಿಂತ ಭರವಸೆಯೇ ಮುಖ್ಯವೆಂದು ಬ್ರೌನಿಂಗ್ ತೀರ್ಮಾನಿಸಿದ್ದ.

1910ರ ಮಾದರಿ ಈ ಸರಣಿಯ ಶಿಖರ. ಮರಳುವ ಸ್ಪ್ರಿಂಗನ್ನು ನಳಿಗೆಯ ಮೇಲೋ ಕೆಳಗೋ ಇಡುವ ಬದಲು ನಳಿಗೆಯ ಸುತ್ತಲೇ ಸುತ್ತಿದ್ದರಿಂದ ಪಿಸ್ತೂಲಿನ ಎತ್ತರ ತಗ್ಗಿತು, ಮೈ ನುಣುಪಾಯಿತು. ಒಂದು ಕೀಲಿ, ಹಿಡಿಯ ಒತ್ತುಪಟ್ಟಿ, ಜೊತೆಗೆ ಮ್ಯಾಗಜೀನ್ ಕಳಚಿದರೆ ಗುಂಡು ಹಾರದಂತೆ ತಡೆಯುವ ಮೂರನೆಯ ಏರ್ಪಾಡು. ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರುವುದನ್ನು ಮರೆತು, ಖಾಲಿಯೆಂದು ಭಾವಿಸಿ ಟ್ರಿಗರ್ ಎಳೆದು ಪ್ರಾಣ ಕಳೆದುಕೊಳ್ಳುವ ಅವಘಡಗಳಿಗೆ ಇದು ಉತ್ತರ. ಈ ತಂತ್ರವನ್ನು ನಂತರದ ಎಷ್ಟೋ ಕಂಪನಿಗಳು ಅನುಕರಿಸಿದವು.

ಇಷ್ಟಾದರೂ ಕೊನೆಯ ಪ್ರಶ್ನೆ ಉಳಿದೇ ಇತ್ತು. ಚಿಕ್ಕ ಪಿಸ್ತೂಲಿನಿಂದ ಗುರಿ ಹೊಡೆಯುವುದು ದೊಡ್ಡದರಿಂದ ಹೊಡೆಯುವುದಕ್ಕಿಂತ ಕಷ್ಟ. ನಳಿಗೆಯ ತುದಿಯ ಗುರಿಮೊನೆಗೂ ಹಿಂದಿನ ಗುರಿಕಂಡಿಗೂ ಅಂತರ ಕಡಿಮೆಯಾದಷ್ಟೂ ಕಣ್ಣಿನ ಕೂದಲೆಳೆಯ ತಪ್ಪು ದೂರದಲ್ಲಿ ಗೇಣುದ್ದವಾಗುತ್ತದೆ. ಜೇಬಿಗೆ ಸಿಕ್ಕಿಕೊಳ್ಳಬಾರದೆಂದು ಗುರಿಮೊನೆಗಳನ್ನೂ ತೀರಾ ಸಣ್ಣದಾಗಿಸಿದ್ದರಿಂದ ಅವು ಕಾಣುವುದೇ ಕಷ್ಟ. ಹಿಡಿ ಗಿಡ್ಡವಾದ್ದರಿಂದ ಕಿರುಬೆರಳಿಗೆ ಆಸರೆಯಿಲ್ಲ. ಮೈ ಹಗುರವಾದ್ದರಿಂದ ಒದೆತ ಹೆಚ್ಚು. ಸ್ಪ್ರಿಂಗ್ ಬಿಗಿಯಾದ್ದರಿಂದ ಸ್ಲೈಡ್ ಎಳೆಯಲು ಬಲ ಬೇಕು. ಹಿಡಿಯನ್ನು ತೀರಾ ಮೇಲೆ ಹಿಡಿದರೆ ಹಿಂದೆ ಸರಿಯುವ ಸ್ಲೈಡ್ ಹೆಬ್ಬೆರಳಿನ ಬುಡವನ್ನು ಕೊಯ್ಯುವುದೂ ಉಂಟು. ಒಟ್ಟಿನಲ್ಲಿ ಜೇಬು ಪಿಸ್ತೂಲು ಕೆಲವೇ ಹೆಜ್ಜೆಗಳ ಅಂತರದ ಆಯುಧ. ಆತ್ಮರಕ್ಷಣೆಗೆ ಅಷ್ಟು ಸಾಕು. ದುರ್ದೈವವೆಂದರೆ ಹತ್ಯೆಗೂ ಅಷ್ಟೇ ಸಾಕು.

ಎದುರಿಗಿದ್ದವರು

1904ರ ಜೂನ್ 16ರಂದು ಹೆಲ್ಸಿಂಕಿಯಲ್ಲಿ ಯೂಜಿನ್ ಶೌಮನ್ ಎಂಬ ಫಿನ್ಲೆಂಡಿನ ಯುವಕ ರಷ್ಯಾದ ಗವರ್ನರ್ ಜನರಲ್ ಬೊಬ್ರಿಕೋವ್‌ಗೆ ಗುಂಡಿಕ್ಕಿ, ಅದೇ ಪಿಸ್ತೂಲಿನಿಂದ ತಾನೂ ಸತ್ತ. ಅದು ಬ್ರೌನಿಂಗ್‌ನ 1900ರ ಮಾದರಿ. 1909ರ ಅಕ್ಟೋಬರ್ 26ರಂದು ಚೀನಾದ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯಾದ ಆನ್ ಜುಂಗ್ ಗುನ್ ಜಪಾನಿನ ಮಾಜಿ ಪ್ರಧಾನಿ ಇಟೊ ಹಿರೊಬುಮಿಯನ್ನು ಕೊಂದದ್ದೂ ಅದೇ ಮಾದರಿಯಿಂದ.

ಭಾರತಕ್ಕೂ ಈ ಪಿಸ್ತೂಲು ಕಾಲಿಟ್ಟಿತ್ತು. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರ ಕೈಯಿಂದ ಆಯುಧಗಳನ್ನು ದೂರವಿಟ್ಟಿದ್ದ ಕಾಲವದು. 1909ರಲ್ಲಿ ವಿನಾಯಕ ದಾಮೋದರ ಸಾವರ್ಕರ್ ಲಂಡನ್ನಿನಿಂದ 20 ಬ್ರೌನಿಂಗ್ ಪಿಸ್ತೂಲುಗಳನ್ನು ಗುಟ್ಟಾಗಿ ಭಾರತಕ್ಕೆ ಕಳುಹಿಸಿದರು. ಅದೇ ವರ್ಷದ ಡಿಸೆಂಬರ್ 21ರಂದು ನಾಸಿಕ್‌ನ ನಾಟಕಶಾಲೆಯಲ್ಲಿ ಅನಂತ ಲಕ್ಷ್ಮಣ ಕಾನ್ಹೇರೆ ಅವುಗಳಲ್ಲೊಂದರಿಂದ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದರು. ಮುಂದೆ ಸಾವರ್ಕರ್ ಅಂಡಮಾನ್ ಸೆರೆವಾಸಕ್ಕೆ ಗುರಿಯಾಗಲು ಕಾರಣವಾದ ಮೊಕದ್ದಮೆಗಳಲ್ಲಿ ಈ ಪಿಸ್ತೂಲುಗಳ ಕಥೆಯೂ ಸೇರಿತ್ತು. 1911ರ ಜೂನ್ 17ರಂದು ತಮಿಳುನಾಡಿನ ಮಣಿಯಾಚಿ ರೈಲು ನಿಲ್ದಾಣದಲ್ಲಿ ವಾಂಚಿನಾಥನ್ ಕಲೆಕ್ಟರ್ ಆಷ್‌ನನ್ನು ಕೊಂದು ತಾವೂ ಪ್ರಾಣ ಬಿಟ್ಟಾಗ ಕೈಯಲ್ಲಿದ್ದುದು ಬೆಲ್ಜಿಯಂನ ಬ್ರೌನಿಂಗ್. 1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಪೊಲೀಸರು ಸುತ್ತುವರಿದಾಗ ಚಂದ್ರಶೇಖರ ಆಜಾದ್ ಕೊನೆಯವರೆಗೂ ಹೋರಾಡಿದ್ದು ಕೋಲ್ಟ್‌ನ ಕುದುರೆ ಅಡಗಿದ ಜೇಬು ಪಿಸ್ತೂಲಿನಿಂದ. ಸ್ವಾತಂತ್ರ್ಯಾನಂತರ ಇಂಗ್ಲೆಂಡಿನಿಂದ ಮರಳಿ ಬಂದ ಆ ಪಿಸ್ತೂಲು ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿದೆ. ನೋಡಲು ಹೋಗುವ ಸಾವಿರಾರು ಜನರಲ್ಲಿ ಅದರ ವಿನ್ಯಾಸಕಾರ ಯಾರೆಂದು ಕೇಳುವವರು ಕಡಿಮೆ.

ಒಬ್ಬರಿಗೆ ಹುತಾತ್ಮನಾದವನು ಮತ್ತೊಬ್ಬರಿಗೆ ಹಂತಕ. ಪಿಸ್ತೂಲಿಗೆ ಆ ಭೇದವಿರಲಿಲ್ಲ. ಅದು ಎಲ್ಲರಿಗಿಂತ ಹೆಚ್ಚಾಗಿ ಜಗತ್ತಿಗೆ ಅರಿವಾದದ್ದು 1914ರ ಜೂನ್ 28ರಂದು. ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್‌ನ ಹತ್ಯೆಗೆ ಸಂಚು ಹೂಡಿದ ತರುಣರ ಕೈಗೆ ನಾಲ್ಕು ಬ್ರೌನಿಂಗ್ ಪಿಸ್ತೂಲುಗಳು ಸಿಕ್ಕಿದ್ದವು. ಎಲ್ಲವೂ 1910ರ ಮಾದರಿ. ಬೆಲ್‌ಗ್ರೇಡ್‌ನ ಉದ್ಯಾನವೊಂದರಲ್ಲಿ ಅವರು ಗುರಿಯಭ್ಯಾಸ ಮಾಡಿದ್ದರು. ಸರಾಯೆವೊ ನಗರದಲ್ಲಿ ದಾರಿ ತಪ್ಪಿ ನಿಂತ ಕಾರಿನ ಬಳಿ ನಿಂತಿದ್ದ 19 ವರ್ಷದ ಗಾವ್ರಿಲೊ ಪ್ರಿನ್ಸಿಪ್, ಕೆಲವೇ ಅಡಿಗಳ ಅಂತರದಿಂದ ಎರಡು ಗುಂಡು ಹಾರಿಸಿದ. ಒಂದು ಯುವರಾಜನ ಕುತ್ತಿಗೆಗೆ, ಇನ್ನೊಂದು ಆತನ ಪತ್ನಿ ಸೋಫಿಯ ಹೊಟ್ಟೆಗೆ ತಾಗಿತು. ಇಬ್ಬರೂ ಬದುಕುಳಿಯಲಿಲ್ಲ.

ಆ ವರ್ಷವೇ ಎಫ್‌ಎನ್ ಕಾರ್ಖಾನೆ ತನ್ನ ಹತ್ತು ಲಕ್ಷದ ಬ್ರೌನಿಂಗ್ ಪಿಸ್ತೂಲಿನ ತಯಾರಿಕೆಯನ್ನು ಸಂಭ್ರಮದಿಂದ ಆಚರಿಸಿತ್ತು. ಬೆಲ್ಜಿಯಂನ ದೊರೆ ಒಂದನೆಯ ಆಲ್ಬರ್ಟ್ ಬ್ರೌನಿಂಗ್‌ಗೆ ಆರ್ಡರ್ ಆಫ್ ಲಿಯೋಪೋಲ್ಡ್ ಗೌರವವನ್ನು ಇತ್ತಿದ್ದ. ಸರಾಯೆವೊದ ಗುಂಡುಗಳು ಸಿಡಿದ 37 ದಿನಗಳಿಗೆ, ಆಗಸ್ಟ್ 4ರಂದು, ಜರ್ಮನಿಯ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಅದರ ಮೊದಲ ದೊಡ್ಡ ಗುರಿ ಲಿಯೇಜ್. ಪಿಸ್ತೂಲು ತಯಾರಾಗಿದ್ದ ಕಾರ್ಖಾನೆ ಶತ್ರುವಿನ ವಶವಾಗಿ, ಕೆಲಸ ನಿಂತಿತು. ಪ್ರಿನ್ಸಿಪ್ ಬಳಸಿದ 19074 ಸಂಖ್ಯೆಯ ಪಿಸ್ತೂಲು ಹಲವು ದಶಕ ಕಾಲ ಆಸ್ಟ್ರಿಯಾದ ಜೆಸ್ಯೂಯಿಟ್ ಪಾದ್ರಿಗಳ ಬಳಿ ಇದ್ದು, 2004ರಲ್ಲಿ ವಿಯೆನ್ನಾದ ಸೇನಾ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಕಾನೂನಿನ ಕಣ್ಣು

ಅಡಗಿಸಿಡಬಹುದಾದ ಆಯುಧದ ಅಪಾಯವನ್ನು ಸರ್ಕಾರಗಳೂ ಮನಗಂಡಿದ್ದವು. ಬ್ರಿಟನ್ 1903ರಲ್ಲೇ ಪಿಸ್ತೂಲು ಕಾಯ್ದೆ ತಂದಿತು. ನ್ಯೂಯಾರ್ಕ್ ಪ್ರಾಂತ್ಯದ 1911ರ ಸಲಿವನ್ ಕಾಯ್ದೆ, ಮರೆಮಾಡಬಹುದಾದಷ್ಟು ಚಿಕ್ಕ ಕೋವಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಗುಪ್ತವಾಗಿ ಪಿಸ್ತೂಲು ಧರಿಸಲು ವಿಶೇಷ ಕಾರಣ ತೋರಿಸಬೇಕೆಂಬ ಅಲ್ಲಿನ ನಿಯಮ ಒಂದು ಶತಮಾನಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದು, 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ರದ್ದಾಯಿತು. ಬ್ರೌನಿಂಗ್‌ನ ಕಾಲದಲ್ಲಿ ಆರಂಭವಾದ ವಾದ ಅಲ್ಲಿ ಇನ್ನೂ ಮುಗಿದಿಲ್ಲ.

ಇದೇ ಅವಧಿಯಲ್ಲಿ ಬ್ರೌನಿಂಗ್ ಜೇಬಿನ ಮಿತಿಯನ್ನು ಮೀರಿದ ಪಿಸ್ತೂಲನ್ನೂ ರೂಪಿಸಿದ. ಅಮೆರಿಕದ ಸೈನ್ಯಕ್ಕೆ ಬೇಕಿದ್ದುದು ಎದುರಾಳಿಯನ್ನು ಒಂದೇ ಗುಂಡಿಗೆ ತಡೆದು ನಿಲ್ಲಿಸುವ ದಪ್ಪ ಗುಂಡಿನ ಆಯುಧ. 1911ರ ಪರೀಕ್ಷೆಯಲ್ಲಿ ಆತನ ಪಾಯಿಂಟ್ 45 ಪಿಸ್ತೂಲು 6,000 ಗುಂಡುಗಳನ್ನು ಒಮ್ಮೆಯೂ ಕೆಡದೆ ಹಾರಿಸಿತು. ಅದರ ತೂಕ ಸುಮಾರು 1.1 ಕಿಲೋಗ್ರಾಂ, ವಾಸ್ಕಟ್ಟಿನ ಪಿಸ್ತೂಲಿನ ಮೂರರಷ್ಟು. ಒಬ್ಬನೇ ವ್ಯಕ್ತಿ ಕೆಲವೇ ವರ್ಷಗಳಲ್ಲಿ ಈ ಎರಡು ತುದಿಗಳನ್ನೂ ಮುಟ್ಟಿದ. ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಆತನ ಸ್ವಯಂಚಾಲಿತ ರೈಫಲ್ ಮತ್ತು ಮಷೀನ್‌ಗನ್ ಅಮೆರಿಕದ ಪಡೆಗಳ ಕೈಸೇರಿದವು. ಮಗ ವ್ಯಾಲ್ ಫ್ರಾನ್ಸಿನ ರಣರಂಗದಲ್ಲಿ ತಂದೆಯ ರೈಫಲ್ಲನ್ನು ಹಿಡಿದವರಲ್ಲಿ ಒಬ್ಬ.

ಕೊನೆಯ ದಿನ

1923ರಲ್ಲಿ ತಮ್ಮ ಮ್ಯಾಥ್ಯೂ ತೀರಿಕೊಂಡ. ಬಾಲ್ಯದಲ್ಲಿ ಮದ್ದಿಗೆ ಕೆಂಡ ಹಚ್ಚಿದ ಕೈ, ಮುಂದೆ ವ್ಯವಹಾರವನ್ನೆಲ್ಲ ನೋಡಿಕೊಂಡ ಕೈ ಇಲ್ಲವಾಯಿತು. ಬ್ರೌನಿಂಗ್ ಕೆಲಸ ನಿಲ್ಲಿಸಲಿಲ್ಲ. ಹೆಚ್ಚು ಗುಂಡುಗಳನ್ನು ತುಂಬಬಲ್ಲ ಹೊಸ 9 ಮಿಲಿಮೀಟರ್ ಪಿಸ್ತೂಲಿನ ಮೇಲೆ ದುಡಿಯುತ್ತಿದ್ದ. 1926ರ ನವೆಂಬರ್ 26ರಂದು ಹರ್ಸ್ಟಾಲ್ ಕಾರ್ಖಾನೆಯಲ್ಲಿ ಎಂದಿನಂತೆ ಕೆಲಸಕ್ಕೆ ಹೋದವನಿಗೆ ಎದೆನೋವು ಕಾಣಿಸಿಕೊಂಡಿತು. ಮಗ ವ್ಯಾಲ್‌ನ ಕಚೇರಿಯಲ್ಲಿ ಮಲಗಿಸಿದರೂ ಪ್ರಾಣ ಉಳಿಯಲಿಲ್ಲ. ಆಗ ಆತನಿಗೆ 71 ವರ್ಷ. ಪಾರ್ಥಿವ ಶರೀರವನ್ನು ಸೇನಾ ಗೌರವದೊಡನೆ ಅಮೆರಿಕಕ್ಕೆ ಒಯ್ದು ಹುಟ್ಟೂರು ಆಗ್ಡೆನ್‌ನಲ್ಲಿ ಸಮಾಧಿ ಮಾಡಲಾಯಿತು. ಕೊನೆಯ ಪಿಸ್ತೂಲಿನ ಪೇಟೆಂಟ್ ಮಂಜೂರಾದದ್ದು ಮರುವರ್ಷ. ಬೆಲ್ಜಿಯಂನ ವಿನ್ಯಾಸಕಾರ ದಿಯೊದೊನೆ ಸೈವ್ ಅದನ್ನು ಪರಿಷ್ಕರಿಸಿ ಪೂರ್ಣಗೊಳಿಸಿದ. 1935ರಲ್ಲಿ ಹೈಪವರ್ ಎಂಬ ಹೆಸರಿನಿಂದ ಅದು ಬಳಕೆಗೆ ಬಂತು. ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ಭಾರತೀಯ ಸೇನೆ ಹಾಗೂ ಪೊಲೀಸರ ಸೊಂಟವೇರಿದ 9 ಎಂಎಂ ಪಿಸ್ತೂಲು ಅದರದೇ ರೂಪ.

ಆತನ ಜೇಬು ಪಿಸ್ತೂಲಿನ ತೋಟಾ ಮಾತ್ರ ನಮ್ಮ ದೇಶದ ನಾಗರಿಕರ ನಡುವೆ ಇಂದಿಗೂ ಉಳಿದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಚೌಕಟ್ಟಿನಲ್ಲಿ ಸೈನ್ಯ ಬಳಸುವ 9 ಮಿಲಿಮೀಟರ್ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಹೀಗಾಗಿ ಪರವಾನಗಿ ಪಡೆದ ನಾಗರಿಕರು ಪಾಯಿಂಟ್ 32ರತ್ತ ತಿರುಗುತ್ತಾರೆ. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಅರ್ಜಿದಾರರ ಅಗತ್ಯವನ್ನು ಪರಿಶೀಲಿಸಿ ಪರವಾನಗಿ ಕೊಡುತ್ತಾರೆ. ಚುನಾವಣೆ ಘೋಷಣೆಯಾದಾಗ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಹೊರಡುತ್ತದೆ. ಹಾಗೆ ಠಾಣೆ ಸೇರುವ ಪಾಯಿಂಟ್ 32 ಪಿಸ್ತೂಲುಗಳ ಹೊಟ್ಟೆಯಲ್ಲಿ ಇರುವುದು ಆಗ್ಡೆನ್‌ನ ಕಮ್ಮಾರನ ಮಗ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಅದೇ ತೋಟಾ.

ಜೇಬಿನಲ್ಲಿಟ್ಟುಕೊಂಡವನ ಕಾಲಿಗೆ ಗುಂಡು ಹಾರದಂತೆ ಬ್ರೌನಿಂಗ್ ಮೂರು ಕಾವಲುಗಳನ್ನು ಇಟ್ಟುಹೋದ. ನಾಲ್ಕನೆಯ ಕಾವಲನ್ನು ಯಾವ ಕಮ್ಮಾರನೂ ಕಡೆಯಲಾರ. ಪರವಾನಗಿ ಕೊಡುವ ಅಧಿಕಾರಿಯ ವಿವೇಕಕ್ಕೂ ಪಿಸ್ತೂಲು ಹಿಡಿದವನ ಮನಸ್ಸಿಗೂ ಸೇರಿದ ಕೆಲಸ ಅದು.